ಹಿಟ್ಟಿನ ಹುಂಜ, ನೆಲಕಚ್ಚಿದ ಸೈನಿಕ

ಆಂಧ್ರದ ಗಡಿಸೀಮೆಯ ಹೊಳಗುಂದ ಮಂಡಲದಲ್ಲಿ ದೇವರಗಟ್ಟು ಎಂಬ ಗುಡ್ಡವಿದೆ. ವಿಜಯದಶಮಿಯ ರಾತ್ರಿ ಅಲ್ಲಿ ಮಾಳ ಮಲ್ಲೇಶ್ವರನ ಮದುವೆ ಮುಗಿದು ಉತ್ಸವಮೂರ್ತಿ ಕೆಳಗಿಳಿಯುವ ಹೊತ್ತಿಗೆ ಸುತ್ತಲ ಹಳ್ಳಿಗಳ ಸಾವಿರಾರು ಗಂಡಸರು ಬಡಿಗೆ, ದೀವಟಿಗೆ ಹಿಡಿದು ಕಾದಿರುತ್ತಾರೆ. ನೆರಣಿಕಿ, ಕೊತ್ತಪೇಟೆ ಕಡೆಯವರದು ಒಂದು ಪಕ್ಷ, ಉಳಿದ ಊರುಗಳವರದು ಇನ್ನೊಂದು. ದೇವರು ತಮ್ಮ ವಶಕ್ಕೆ ಬರಬೇಕೆಂದು ನಡೆಯುವ ಈ ಬಡಿದಾಟದಲ್ಲಿ ವರ್ಷವೂ ತಲೆಗಳು ಒಡೆಯುತ್ತವೆ. ಕೆಲವು ವರ್ಷ ಹೆಣಗಳೂ ಬಿದ್ದಿವೆ. ಗಾಯಕ್ಕೆ ಭಂಡಾರ ಮೆತ್ತಿಕೊಂಡು ಮತ್ತೆ ಗುಂಪಿಗೆ ನುಗ್ಗುವವರಿದ್ದಾರೆ. ಪೊಲೀಸರು ತಿಳಿವಳಿಕೆ ಹೇಳಿದ್ದಾರೆ, ಬಡಿಗೆ ಜಪ್ತಿ ಮಾಡಿದ್ದಾರೆ, ಕ್ಯಾಮೆರಾ ಕಟ್ಟಿದ್ದಾರೆ. ಹಬ್ಬ ನಿಂತಿಲ್ಲ.

ಮಣಿ, ಮಲ್ಲಾಸುರ ಎಂಬ ರಾಕ್ಷಸರನ್ನು ಶಿವ ಕೊಂದ ಕಥೆಯನ್ನು ಮತ್ತೆ ಆಡಿ ತೋರಿಸುವುದೇ ಈ ಬನ್ನಿ ಹಬ್ಬ ಎನ್ನುತ್ತಾರೆ ಭಕ್ತರು. ಸಾಯುವ ಮುನ್ನ ಆ ರಾಕ್ಷಸರು ವರ್ಷಕ್ಕೊಂದು ನರಬಲಿ ಬೇಡಿದರಂತೆ. ಅದಕ್ಕೆ ಬದಲಾಗಿ ಮೆರವಣಿಗೆಯ ದಾರಿಯಲ್ಲಿ ಪೂಜಾರಿ ತನ್ನ ತೊಡೆ ಚುಚ್ಚಿಕೊಂಡು ಒಂದಿಷ್ಟು ರಕ್ತ ಅರ್ಪಿಸುವ ರೂಢಿಯಿದೆ. ಒಂದು ಜೀವ ಕೊಡಬೇಕಾದಲ್ಲಿ ನಾಲ್ಕು ಹನಿ ಕೊಟ್ಟು ಮುಗಿಸುವ ಒಪ್ಪಂದ ಅದು.

1953ರ ಅಕ್ಟೋಬರ್ 1ರವರೆಗೆ ಈ ಸೀಮೆಯ ಆಲೂರು, ಆದೋನಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯವು; ಆಮೇಲೆ ಆಂಧ್ರಕ್ಕೆ ಸೇರಿದವು. ಈ ಗಡಿಸೀಮೆಯ ಎಷ್ಟೋ ಮನೆಗಳಲ್ಲಿ ಈಗಲೂ ಮಾತು ಕನ್ನಡವೇ. ಉಳಿದೆಲ್ಲ ಊರುಗಳಂತೆ ಇಲ್ಲಿಯ ಹುಡುಗರ ಕೈಗೂ ಮೊಬೈಲ್ ಬಂದಿದೆ, ಮೊಬೈಲಿನೊಳಗೆ ಯುದ್ಧ ಬಂದಿದೆ. ‘ಎಷ್ಟು ಕಿಲ್ ಆದ್ವು ಲೇ?’ ಎಂಬ ಪ್ರಶ್ನೆ ಕಟ್ಟೆಯ ಮೇಲಿನ ಮಾತಾಗಿದೆ. ನಿಜವಾಗಿ ರಕ್ತ ಸುರಿಯುವ ಬಡಿದಾಟವನ್ನು ಹಿರಿಯರು ಸಂಪ್ರದಾಯ ಎನ್ನುತ್ತಾರೆ. ಒಂದು ಹನಿಯೂ ಬೀಳದ ಆಟವನ್ನು ಹಿಂಸೆ ಎಂದು ಬೈಯುತ್ತಾರೆ. ಇದರಲ್ಲಿ ಯಾವ ಮಾತು ಸರಿ? ಯಾರೂ ಸಾಯದ ಕೊಲೆಯನ್ನು ಕೊಲೆ ಎನ್ನಬಹುದೇ?

ಈ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ ಜನ್ನ ಇದನ್ನೇ ಎತ್ತಿಕೊಂಡು ‘ಯಶೋಧರ ಚರಿತೆ’ ಬರೆದ. ಅದಕ್ಕೂ ಎರಡೂವರೆ ಶತಮಾನ ಮೊದಲು, 959ರಲ್ಲಿ, ವೇಮುಲವಾಡದ ಚಾಲುಕ್ಯರ ಸೀಮೆಯಲ್ಲಿದ್ದ ಸೋಮದೇವ ಸೂರಿ ಇದೇ ಕಥೆಯನ್ನು ಸಂಸ್ಕೃತದಲ್ಲಿ ಹೇಳಿದ್ದ. ರಾಜ ಯಶೋಧರ ಒಂದು ರಾತ್ರಿ ಹೆಂಡತಿ ಅಮೃತಮತಿ ಮಾವುತನ ಬಳಿ ಹೋಗುವುದನ್ನು ಕಾಣುತ್ತಾನೆ. ಕತ್ತಿ ಎತ್ತಿದವನು ತಡೆದುಕೊಳ್ಳುತ್ತಾನೆ. ಮರುದಿನ ತಾಯಿ ಚಂದ್ರಮತಿಗೆ ಕೆಟ್ಟ ಕನಸು ಬಿತ್ತೆಂದು ಹೇಳಿದಾಗ ಅವಳು ದೇವಿಗೆ ಪ್ರಾಣಿಬಲಿ ಕೊಡು ಎನ್ನುತ್ತಾಳೆ. ಜೈನನಾದ ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರಿಗೂ ಸಮ್ಮತವಾಗುವಂಥ ಒಂದು ಉಪಾಯ ಹೊಳೆಯುತ್ತದೆ: ಹಿಟ್ಟಿನಲ್ಲಿ ಹುಂಜ ಮಾಡಿ ಅದನ್ನು ಕಡಿಯುವುದು. ಕತ್ತಿ ಬಿದ್ದಾಗ ಆ ಹಿಟ್ಟಿನ ಹುಂಜ ಕೂಗಿಕೊಳ್ಳುತ್ತದೆ. ಮುಂದೆ ತಾಯಿ, ಮಗ ಇಬ್ಬರೂ ಅಮೃತಮತಿಯ ವಿಷಕ್ಕೆ ಬಲಿಯಾಗಿ, ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಮತ್ತೆ ಮತ್ತೆ ಕೊಲ್ಲಿಸಿಕೊಳ್ಳುತ್ತಾರೆ. ಗಿರೀಶ ಕಾರ್ನಾಡರು ಇದೇ ವಸ್ತುವನ್ನು ‘ಹಿಟ್ಟಿನ ಹುಂಜ’ ನಾಟಕವಾಗಿಸಿದರು.

ಜೈನ ತೀರ್ಪು ನಿಷ್ಠುರವಾದದ್ದು. ಸಂಕಲ್ಪ ಮಾಡಿದ ಮೇಲೆ ಮುಂದಿರುವುದು ಹುಂಜವೋ ಹಿಟ್ಟೋ ಎಂಬುದು ಗೌಣ. ಹತ್ತನೆಯ ಶತಮಾನದ ಅಮೃತಚಂದ್ರ ಆಚಾರ್ಯರ ವಿಚಾರವೂ ಇದೇ ದಾರಿಯದು. ಮನಸ್ಸಿನಲ್ಲಿ ರಾಗದ್ವೇಷ ಹುಟ್ಟುವುದನ್ನೇ ಅವರು ಹಿಂಸೆ ಎಂದರು. ಕೊಲ್ಲದೆಯೂ ಒಬ್ಬ ಹಿಂಸೆಯ ಫಲ ಉಣ್ಣಬಹುದು, ಎಚ್ಚರದಿಂದ ನಡೆದವನ ಕಾಲಿಗೆ ಸಿಕ್ಕು ಒಂದು ಜೀವ ಹೋದರೂ ಅವನು ಹಿಂಸಕನಾಗದಿರಬಹುದು ಎಂದರು. ಹೀಗೆ ನೋಡಿದರೆ ಮೊಬೈಲ್ ಯುದ್ಧವಾಡುವ ಹುಡುಗರೆಲ್ಲ ಯಶೋಧರನ ಸಾಲಿನಲ್ಲೇ ನಿಲ್ಲಬೇಕು.

ಆದರೆ ಅದೇ ಜೈನ ಪರಂಪರೆಯಲ್ಲಿ ಇನ್ನೊಂದು ಬದಲಿಯಿದೆ, ಅದನ್ನು ಯಾರೂ ನಿಂದಿಸಿಲ್ಲ. 941ರಲ್ಲಿ ಪಂಪ ಬರೆದ ‘ಆದಿಪುರಾಣ’ದಲ್ಲಿ ಭರತ, ಬಾಹುಬಲಿ ಸೈನ್ಯ ಸಮೇತ ಎದುರುಬದುರಾದಾಗ ಮಂತ್ರಿಗಳು ನಡುವೆ ಬರುತ್ತಾರೆ. ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರು ಏಕೆ ಸಾಯಬೇಕು? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಈ ಮೂರರಲ್ಲೇ ತೀರ್ಮಾನವಾಗಲಿ ಎನ್ನುತ್ತಾರೆ. ಯುದ್ಧದ ಜಾಗದಲ್ಲಿ ಒಂದು ಆಟ ಬಂದು ಕೂರುತ್ತದೆ. ಮೂರರಲ್ಲೂ ಸೋತ ಭರತ ನಿಯಮ ಮುರಿದು ಚಕ್ರರತ್ನ ಬಿಟ್ಟಾಗ ಆಟ ಕೆಡುತ್ತದೆ. ಚಕ್ರ ಮಾತ್ರ ಬಾಹುಬಲಿಯನ್ನು ಮುಟ್ಟದೆ ನಿಲ್ಲುತ್ತದೆ.

ಒಂದು ಬದಲಿ ಪಾಪ, ಇನ್ನೊಂದು ಬದಲಿ ಧರ್ಮ. ವ್ಯತ್ಯಾಸ ಎಲ್ಲಿದೆ? ಯಶೋಧರನಿಗೆ ಕೊಲೆಯ ಫಲ ಬೇಕಿತ್ತು, ಕೊಲೆಯ ಭಾರ ಬೇಡವಾಗಿತ್ತು. ಅಣ್ಣತಮ್ಮಂದಿರ ಆಟದಲ್ಲಿ ಭಾರವೆಲ್ಲ ಆಡುವವರ ಮೈಮೇಲೇ ಇತ್ತು, ಮಿಕ್ಕವರು ಉಳಿದುಕೊಂಡರು. ಆದ್ದರಿಂದ ಒಂದು ಯುದ್ಧದಾಟದ ಮುಂದೆ ಇಡಬೇಕಾದ ಪ್ರಶ್ನೆ ಇದು: ಇದು ಆಡುವವನಿಗೆ ಏನನ್ನು ಕೈಗೆ ಕೊಡುತ್ತದೆ, ಯಾವುದನ್ನು ಕಣ್ಣಿಂದ ಮರೆಮಾಡುತ್ತದೆ? ಇದನ್ನು ಪರೀಕ್ಷಿಸಲು ಮಷಿನ್ ಗನ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹೈರಮ್ ಮ್ಯಾಕ್ಸಿಮ್ 1884ರಲ್ಲಿ ತಯಾರಿಸಿದ ಸ್ವಯಂಚಾಲಿತ ಬಂದೂಕು ನಿಮಿಷಕ್ಕೆ ಸುಮಾರು 600 ಗುಂಡು ಉಗುಳುತ್ತಿತ್ತು. ಎರಡನೆಯ ಮಹಾಯುದ್ಧದ ಜರ್ಮನ್ ಎಂಜಿ 42 ಅದರ ಎರಡರಷ್ಟು, ನಿಮಿಷಕ್ಕೆ 1,200ರ ವರೆಗೆ. ಅಂದರೆ ಬಂದೂಕಿನ ಕುದುರೆ ಎಳೆದು ಹಿಡಿದೇ ಇದ್ದರೆ 50 ಗುಂಡಿನ ಪಟ್ಟಿ ಎರಡೂವರೆ ಸೆಕೆಂಡಿನಲ್ಲಿ ಖಾಲಿ. ಕೊಳವೆ ಕಾದು ಕೆಂಪಾಗುತ್ತದೆ, ಯುದ್ಧದ ನಡುವೆಯೇ ಅದನ್ನು ಕಳಚಿ ಬೇರೆ ಹಾಕಬೇಕು. ಬ್ರಿಟಿಷರ ವಿಕರ್ಸ್ ಬಂದೂಕಿನ ಕೊಳವೆಯ ಸುತ್ತ ನಾಲ್ಕು ಲೀಟರಿನಷ್ಟು ನೀರು ತುಂಬಿದ ಕವಚವಿತ್ತು. ಗುಂಡು ಹಾರಿದಂತೆ ನೀರು ಕುದಿಯುತ್ತಿತ್ತು. ಹಾಗಾಗಿ ತರಬೇತಾದವನು ಚಿಕ್ಕ ಚಿಕ್ಕ ಕಂತಿನಲ್ಲಿ ಹೊಡೆಯುತ್ತಾನೆ. ಒಂದೇ ಗುರಿಗೆ ಹೊಡೆದರೂ ಬಂದೂಕಿನ ನಡುಕದಿಂದ ಗುಂಡುಗಳು ಹರಡಿ ನೆಲದ ಒಂದು ಉದ್ದನೆಯ ಪಟ್ಟಿಯಲ್ಲಿ ಬೀಳುತ್ತವೆ. ಆ ಪಟ್ಟಿಯಲ್ಲಿ ಯಾರೂ ತಲೆ ಎತ್ತದಂತೆ ಮಾಡುವುದು ಮಷಿನ್ ಗನ್ನಿನ ಮುಖ್ಯ ಕೆಲಸಗಳಲ್ಲೊಂದು. ಹಾಗೆ ಹಾರಿದ ಗುಂಡುಗಳಲ್ಲಿ ಬಹುಪಾಲು ಯಾರಿಗೂ ತಾಗುವುದಿಲ್ಲ. ಅವು ವ್ಯರ್ಥವಲ್ಲ. ಅವು ಹುಟ್ಟಿಸಬೇಕಾದದ್ದು ಭಯವನ್ನು. ಎದುರಿನವರು ನೆಲಕಚ್ಚಿರುವಾಗ ಹೊಡೆಯುವವರ ಕಡೆಯ ಒಂದು ತುಕಡಿ ಪಕ್ಕದಿಂದ ಬಳಸಿ ಹೋಗುತ್ತದೆ.

ಕಂಪ್ಯೂಟರ್ ಯುದ್ಧದಾಟಗಳಲ್ಲಿ ಬಹುಪಾಲು ಇದನ್ನು ತೋರಿಸುವುದೇ ಇಲ್ಲ. ಅವುಗಳಲ್ಲಿ ಮಷಿನ್ ಗನ್ ಎಂದರೆ ಬೇಗ ಕೊಲ್ಲುವ ಬಂದೂಕು, ಅಷ್ಟೆ. ಎದುರಾಳಿಯ ತಲೆಯ ಮೇಲಿನ ಹಸಿರು ಪಟ್ಟಿ ಕರಗುತ್ತ ಹೋಗುತ್ತದೆ. ಅದು ಮುಗಿಯುವ ಕೊನೆಯ ಕ್ಷಣದವರೆಗೂ ಅವನು ಎದೆಯೊಡ್ಡಿ ಗುಂಡು ಹಾರಿಸುತ್ತಲೇ ಇರುತ್ತಾನೆ. ಅವನಿಗೆ ಭಯವಿಲ್ಲ. ಭಯವಿಲ್ಲದವನು ಮನುಷ್ಯನಾಗಿ ಕಾಣುವುದಿಲ್ಲ, ಹಿಟ್ಟಿನ ಗೊಂಬೆಯಾಗಿ ಕಾಣುತ್ತಾನೆ. ಕೊಂದವನ ಲೆಕ್ಕಕ್ಕೆ ಒಂದು ಅಂಕ ಸೇರುತ್ತದೆ. ಯಶೋಧರನ ಉಪಾಯ ಇಷ್ಟು ಅಚ್ಚುಕಟ್ಟಾಗಿ ಬೇರೆಲ್ಲೂ ಸಿದ್ಧಿಸಿಲ್ಲ.

ಬೇರೆ ದಾರಿ ಹಿಡಿದ ಆಟಗಳೂ ಇವೆ. 1996ರಲ್ಲಿ ಬಂದ ‘ಕ್ಲೋಸ್ ಕಾಂಬ್ಯಾಟ್’ ಆಟದಲ್ಲಿ ಪ್ರತಿ ಸೈನಿಕನಿಗೂ ಒಂದು ಮನಃಸ್ಥಿತಿಯಿದೆ. ಗುಂಡಿನ ಸುರಿಮಳೆಯಲ್ಲಿ ಸಿಕ್ಕವನು ಹೆದರಿ ಮುದುಡುತ್ತಾನೆ, ಆಡುವವನ ಆಜ್ಞೆಯನ್ನೂ ಕೇಳುವುದಿಲ್ಲ. 2000ದಲ್ಲಿ ಬಂದ ‘ಕಾಂಬ್ಯಾಟ್ ಮಿಷನ್’ ಆ ಲೆಕ್ಕಾಚಾರವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿತು. 2006ರ ‘ಕಂಪನಿ ಆಫ್ ಹೀರೋಸ್’ ಇದನ್ನು ಲಕ್ಷಾಂತರ ಜನರಿಗೆ ಪರಿಚಯಿಸಿತು. ಅದರಲ್ಲಿ ಮಷಿನ್ ಗನ್ನನ್ನು ಮೊದಲು ನೆಲಕ್ಕೂರಿ ಅಣಿಮಾಡಬೇಕು, ಅಷ್ಟು ಹೊತ್ತು ತಡೆಯಬೇಕು. ಅಣಿಯಾದ ಮೇಲೂ ಅದು ಮುಂದಿನ ಒಂದು ಬೀಸಣಿಗೆಯಾಕಾರದ ಜಾಗಕ್ಕಷ್ಟೇ ಗುಂಡು ಹಾರಿಸಬಲ್ಲದು. ಆ ಜಾಗದಲ್ಲಿ ಸಿಕ್ಕ ತುಕಡಿ ಮೊದಲು ತೆವಳುತ್ತದೆ, ಆಮೇಲೆ ಮಿಸುಕಾಡಲಾಗದೆ ಬಿದ್ದಿರುತ್ತದೆ. ಅನೇಕರು ಸಾಯುವುದಿಲ್ಲ, ಆದರೆ ಯುದ್ಧ ಅವರ ಕೈತಪ್ಪುತ್ತದೆ. ತುಕಡಿಯನ್ನು ಹಿಂದಕ್ಕೆ ಕರೆಸಿಕೊಂಡು ಉಳಿಸುವ ಆಯ್ಕೆ ಆಡುವವನಿಗಿದೆ; ಸಾಯಲು ಬಿಟ್ಟರೆ ನಷ್ಟ ಅವನದೇ.

ಇಂಥ ಆಟಗಳನ್ನು ಮೆಚ್ಚುವವರು ‘ನಿಜದಂತೆ ಇದೆ’ ಎನ್ನುತ್ತಾರೆ. ಆ ಮಾತಿನಲ್ಲಿ ಅವರಿಗೂ ತಿಳಿಯದ ಒಂದು ಧರ್ಮವಿಚಾರ ಅಡಗಿದೆ. ಜೈನರು ಹೇಳುವ ನಾಲ್ಕು ದಾನಗಳಲ್ಲಿ ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ನಿಲ್ಲುವುದು ಅಭಯದಾನ. ಒಂದು ಜೀವದ ಹೆದರಿಕೆಯನ್ನು ನೀಗುವುದು ಅನ್ನವಿಕ್ಕುವುದಕ್ಕೆ ಸಮನಾದರೆ, ಹೆದರಿಕೆ ಹುಟ್ಟಿಸುವುದು ಅನ್ನ ಕಸಿದುಕೊಂಡಂತೆ. ಹಿಂಸೆ ಗುಂಡು ತಾಗಿದಾಗ ಶುರುವಾಗುವುದಲ್ಲ. ಮಣ್ಣಿಗೆ ಮುಖವೊತ್ತಿ ಮಲಗಿದವನ ಎದೆಬಡಿತದಲ್ಲೇ ಅದು ಪೂರ್ತಿಯಾಗಿ ಇದೆ. ‘ಕಿಲ್’ ಎಣಿಸುವ ಆಟಕ್ಕೆ ಈ ಹಿಂಸೆ ಕಾಣುವುದೇ ಇಲ್ಲ. ನೆಲಕಚ್ಚಿದವರನ್ನು ತೋರಿಸುವ ಆಟಕ್ಕೆ ಕಾಣುತ್ತದೆ. ಈ ಒಂದು ಕಾರಣಕ್ಕೆ ಎರಡನೆಯದು ಮೊದಲನೆಯದಕ್ಕಿಂತ ಮೇಲು ಎನ್ನಲು ಹಿಂಜರಿಯಬೇಕಾಗಿಲ್ಲ.

ಕನ್ನಡನಾಡಿನವರು ಈ ಬಂದೂಕಿನ ಎದುರು ನಿಂತ ನಿಜವಾದ ದಿನವೊಂದಿದೆ. 1918ರ ಸೆಪ್ಟೆಂಬರ್ 23, ಪ್ಯಾಲೆಸ್ಟೈನಿನ ಹೈಫಾ. ಮೈಸೂರು ಲ್ಯಾನ್ಸರ್ಸ್, ಜೋಧಪುರ ಲ್ಯಾನ್ಸರ್ಸ್ ಕುದುರೆ ಸವಾರರು ಕಾರ್ಮೆಲ್ ಬೆಟ್ಟಕ್ಕೂ ಕಿಶೋನ್ ಹೊಳೆಗೂ ನಡುವಿನ ಇಕ್ಕಟ್ಟಿನಲ್ಲಿ ತುರ್ಕರ ತೋಪು, ಮಷಿನ್ ಗನ್‌ಗಳ ಮೇಲೆ ಏರಿಹೋದರು. ಬೆಟ್ಟದ ಮೇಲಿನ ತೋಪುಗಳನ್ನು ಅಡಗಿಸುವ ಕೆಲಸ ಮೈಸೂರಿನ ಒಂದು ತುಕಡಿಗೆ ಬಿದ್ದಿತ್ತು. ಲೆಕ್ಕದ ಪ್ರಕಾರ ಮಷಿನ್ ಗನ್ನಿನ ಮುಂದೆ ಈಟಿ ಹಿಡಿದ ಸವಾರ ಉಳಿಯಬಾರದು. ಆದರೆ ನಾಗಾಲೋಟದ ಕುದುರೆಗಳನ್ನು ಗುಂಡುಗಳು ಅಲ್ಲಲ್ಲೇ ನಿಲ್ಲಿಸಲಾರದೆ ಹೋದವು. ಎಷ್ಟೋ ಕುದುರೆಗಳು ಗುಂಡು ತಿಂದೂ ಓಡಿ, ಆಮೇಲೆ ಸತ್ತವು ಎಂದು ಬ್ರಿಟಿಷರ ಅಧಿಕೃತ ಯುದ್ಧ ಇತಿಹಾಸವೇ ದಾಖಲಿಸಿದೆ. ಊರು ಅಂದೇ ಕೈವಶವಾಯಿತು. ಸವಾರರಲ್ಲಿ ಸತ್ತವರು 8 ಜನ, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಜೋಧಪುರದ ಮೇಜರ್ ದಲ್ಪತ್ ಸಿಂಗ್ ಸತ್ತವರಲ್ಲೊಬ್ಬರು. ಎದುರಾಳಿಗಳಲ್ಲಿ ಸೆರೆ ಸಿಕ್ಕವರು 1,350. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ದಿಲ್ಲಿಯ ತೀನ್ ಮೂರ್ತಿ ಚೌಕಕ್ಕೆ 2018ರಲ್ಲಿ ಹೈಫಾ ಹೆಸರು ಸೇರಿತು.

ಈ ಸಂಖ್ಯೆಗಳನ್ನು ನಿಧಾನವಾಗಿ ಓದಬೇಕು. ಭಾರ ಹೊತ್ತದ್ದು ಬಹುತೇಕ ಕುದುರೆಗಳು. ಯಾವ ಸಂಕಲ್ಪವನ್ನೂ ಮಾಡದ, ಯಾವ ಗೆಲುವನ್ನೂ ಬಯಸದ ಜೀವಗಳು. ಯಶೋಧರನಂತೆ ಜನ್ಮಾಂತರದಲ್ಲಿ ಪ್ರಾಣಿಯಾಗಿ ಹುಟ್ಟಿ ಕೊಲ್ಲಿಸಿಕೊಳ್ಳುವುದೆಂದರೆ ಏನೆಂದು ಜನ್ನ ಏಕೆ ಅಷ್ಟು ವಿವರವಾಗಿ ಹೇಳಿದ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಹಾಗೆಂದು ನಿಜವನ್ನು ತೋರಿಸಿದ ಮಾತ್ರಕ್ಕೆ ಆಟ ಶುದ್ಧವಾಗುವುದಿಲ್ಲ. ಅಮೆರಿಕದ ಸೈನ್ಯ 2002ರಲ್ಲಿ ‘ಅಮೆರಿಕಾಸ್ ಆರ್ಮಿ’ ಎಂಬ ಆಟವನ್ನು ಉಚಿತವಾಗಿ ಹಂಚಿತು. ಯುವಕರನ್ನು ಸೈನ್ಯದ ಕಡೆಗೆ ಸೆಳೆಯುವುದು ಅದರ ಉದ್ದೇಶ. ಬಂದೂಕು ಸಿಕ್ಕಿಹಾಕಿಕೊಳ್ಳುವುದು, ಉಸಿರಿನ ಏರಿಳಿತಕ್ಕೆ ಗುರಿ ತಪ್ಪುವುದು ಇವೆಲ್ಲ ಅದರಲ್ಲಿ ನಿಖರವಾಗಿದ್ದವು. ಗುಂಡು ತಾಗಿದವನ ಮೈಯಲ್ಲಿ ಮಾತ್ರ ಒಂದು ಕೆಂಪು ಮಬ್ಬು ಎದ್ದು ಮಾಯವಾಗುತ್ತಿತ್ತು. ಹಾರಿಸುವ ಕಡೆ ಪೂರ್ತಿ ಸತ್ಯ, ತಾಗುವ ಕಡೆ ಮರೆ. ಅರ್ಧ ಸತ್ಯದ ಈ ಆಟ ಹಸಿರು ಪಟ್ಟಿಯ ಸುಳ್ಳಿಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಇದನ್ನು ಆಡಿದವನು ತನಗೆ ಯುದ್ಧ ಗೊತ್ತೆಂದು ನಂಬುತ್ತಾನೆ. ‘ಕಂಪನಿ ಆಫ್ ಹೀರೋಸ್’ ಕೂಡ ಈ ದೋಷದಿಂದ ಪೂರ್ತಿ ಹೊರತಲ್ಲ. ಬಿದ್ದವನ ಭಯ ಅಲ್ಲಿ ಕಾಣುತ್ತದೆ ನಿಜ, ಆದರೆ ಆ ಭಯ ಗೆಲ್ಲುವವನ ಕೈಯಲ್ಲೊಂದು ಸಲಕರಣೆಯಾಗಿಯೂ ದುಡಿಯುತ್ತದೆ.

ಮಕ್ಕಳ ಕೈಯಿಂದ ಫೋನ್ ಕಸಿದುಕೊಳ್ಳುವ ತಂದೆತಾಯಿ ಕಸಿಯುವ ಮೊದಲು ಒಂದು ಸಲ ಪಕ್ಕದಲ್ಲಿ ಕುಳಿತು ನೋಡಲಿ: ಗುಂಡು ಹಾರಿದಾಗ ಎದುರಿನವನು ಏನು ಮಾಡುತ್ತಾನೆ? ಓಡುತ್ತಾನೆಯೇ, ಅಡಗುತ್ತಾನೆಯೇ, ಶರಣಾಗಲು ಅವನಿಗೆ ದಾರಿಯಿದೆಯೇ? ಇಲ್ಲವಾದರೆ ಅದನ್ನು ಮಗುವಿಗೆ ಬಿಡಿಸಿ ಹೇಳಲಿ. ಬೆಂಗಳೂರಿನಲ್ಲಿ ಆಟ ಕಟ್ಟುವ ಕಂಪನಿಗಳು ಈಗ ಹಲವಿವೆ, ಅವುಗಳಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರಿದ್ದಾರೆ. ಅವರಲ್ಲಿ ಯಾರಾದರೂ ಎಂದಾದರೂ ಹೈಫಾದ ಆಟ ಕಟ್ಟುವುದಾದರೆ ಮಷಿನ್ ಗನ್ನಿನ ಸದ್ದು, ವೇಗ, ಕಾವು ಎಲ್ಲ ಸರಿಯಾಗಿ ಬರಲಿ. ಅದರ ಜೊತೆಗೆ ಆ 60 ಕುದುರೆಗಳನ್ನೂ, ಕೈಯೆತ್ತಿದ 1,350 ಸೆರೆಯಾಳುಗಳ ಮುಖಗಳನ್ನೂ ಲೆಕ್ಕದಿಂದ ಬಿಡದಿರಲಿ.