ಮಗು ಬಿದ್ದದ್ದು ಯಾರ ತಪ್ಪು?

ಐದಾರು ತಿಂಗಳ ಮಗುವನ್ನು ಮಂಚದ ನಡುವೆ ಮಲಗಿಸಿ, ಪಕ್ಕದಲ್ಲೊಂದು ದಿಂಬನ್ನಿಟ್ಟು, ಒಲೆಯ ಮೇಲಿನ ಹಾಲನ್ನು ಇಳಿಸಿ ಬರಲು ತಾಯಿ ಅಡುಗೆ ಮನೆಗೆ ಹೋಗುತ್ತಾಳೆ. ನಿನ್ನೆಯವರೆಗೆ ಮಲಗಿಸಿದಲ್ಲೇ ಇರುತ್ತಿದ್ದ ಮಗು ಇಂದು ಮಗುಚಿಕೊಳ್ಳುತ್ತದೆ. ಧೊಪ್ಪೆಂಬ ಸದ್ದು, ಕ್ಷಣಕಾಲ ಮೌನ, ಬಳಿಕ ಚೀತ್ಕಾರ. ಮಕ್ಕಳಿರುವ ಮನೆಗಳಲ್ಲಿ ಇದನ್ನು ಕಾಣದ ಮನೆ ವಿರಳ. ಹೆಚ್ಚಿನ ಮಕ್ಕಳು ಸ್ವಲ್ಪ ಹೊತ್ತು ಅತ್ತು, ಹಾಲು ಕುಡಿದು, ಮತ್ತೆ ನಗುತ್ತವೆ. ಆದರೆ ತಾಯಿಯ ಕಿವಿಯಲ್ಲಿ ಆ ಸದ್ದು ವಾರಗಟ್ಟಲೆ ಉಳಿಯುತ್ತದೆ. ಹಾಲು ಉಕ್ಕಿ ಹೋಗಲಿ ಎಂದು ಬಿಟ್ಟಿದ್ದರೆ? ಮಗುವನ್ನು ಎತ್ತಿಕೊಂಡೇ ಹೋಗಿದ್ದರೆ? ಕೊನೆಗೆ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತದೆ: ಅಲ್ಲಾಹನು ಅಮಾನತ್ತಾಗಿ ಕೊಟ್ಟದ್ದನ್ನು ಕಾಪಾಡಲಾಗದ ನಾನು ನಾಳೆ ಅವನ ಮುಂದೆ ಏನೆಂದು ಉತ್ತರಿಸಲಿ?

ಈ ಕೊನೆಯ ಪ್ರಶ್ನೆಯು ಸತ್ಯವಿಶ್ವಾಸದಿಂದಲೇ ಹುಟ್ಟಿದ್ದು. ಆದ್ದರಿಂದ ಅದನ್ನು ಹಗುರವಾಗಿ ತಳ್ಳಿಹಾಕಬಾರದು. "ಹೋಗಲಿ ಬಿಡಿ, ಬೀಳದ ಮಕ್ಕಳುಂಟೇ?" ಎಂದು ನೆರೆಯವರು ಹೇಳುತ್ತಾರೆ. ಅದು ಒಳ್ಳೆಯ ಮನಸ್ಸಿನ ಮಾತು, ಆದರೆ ಉತ್ತರವಲ್ಲ. "ಎಲ್ಲವೂ ಅಲ್ಲಾಹನ ವಿಧಿ" ಎಂದು ಇನ್ನೊಬ್ಬರು ಹೇಳುತ್ತಾರೆ. ಇದು ಸತ್ಯ. ಆದರೆ ಸತ್ಯವಾದ ಮಾತನ್ನೂ ಒಬ್ಬರ ಬಾಯಿ ಮುಚ್ಚಿಸಲಿಕ್ಕಾಗಿ ಹೇಳಲು ಸಾಧ್ಯವಿದೆ. ಹಾಗಾದರೆ ಇಸ್ಲಾಮ್ ಈ ತಾಯಿಗೆ ನಿಜವಾಗಿ ಹೇಳುವುದೇನು?

ವಿಚಾರಕ್ಕೆ ಮೊದಲು ಮಗುವಿನ ದೇಹ. ಬಿದ್ದ ಮಗು ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿದ್ದರೆ, ಸೆಳೆತ ಬಂದರೆ, ಕಿವಿ ಮೂಗುಗಳಿಂದ ರಕ್ತ ಅಥವಾ ನೀರಿನಂತಹ ದ್ರವ ಬಂದರೆ, ನೆತ್ತಿ ಉಬ್ಬಿದರೆ, ತಲೆಯ ಮೇಲೆ ಮೆತ್ತನೆಯ ಊತ ಕಂಡರೆ, ಒಂದು ಕೈಯನ್ನೋ ಕಾಲನ್ನೋ ಆಡಿಸದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಒಂದು ವರ್ಷ ತುಂಬದ ಮಗುವಾದರೆ ಇವಾವುವೂ ಇಲ್ಲದಿದ್ದರೂ ವೈದ್ಯರಿಗೆ ತೋರಿಸುವುದೇ ಲೇಸು. ಅಲ್ಲಿ ನಡೆದುದನ್ನು ನಡೆದಂತೆಯೇ ಹೇಳಬೇಕು. ಎಷ್ಟು ಎತ್ತರದಿಂದ, ಯಾವ ನೆಲದ ಮೇಲೆ, ಎಷ್ಟು ಹೊತ್ತಿಗೆ ಬಿತ್ತು ಎಂಬುದರ ಮೇಲೆಯೇ ವೈದ್ಯರ ನಿರ್ಧಾರ ನಿಂತಿರುತ್ತದೆ. ಮನೆಯವರ ಬೈಗುಳಕ್ಕೆ ಹೆದರಿ ಬಿದ್ದ ಸಂಗತಿಯನ್ನೇ ಮುಚ್ಚಿಟ್ಟು, "ಯಾಕೋ ವಾಂತಿ ಮಾಡುತ್ತಿದೆ" ಎಂದಷ್ಟೇ ಹೇಳುವ ತಾಯಂದಿರಿದ್ದಾರೆ. ತಪ್ಪಿತಸ್ಥ ಭಾವನೆಯು ಮಗುವಿಗೆ ಮಾಡುವ ಮೊದಲ ಹಾನಿ ಇದು. ಬಿದ್ದದ್ದು ಅವಳ ಕೈಯಲ್ಲಿರಲಿಲ್ಲ, ಹೇಳುವುದು ಅವಳ ಕೈಯಲ್ಲಿದೆ.

ಇನ್ನು ತಪ್ಪಿನ ಪ್ರಶ್ನೆ. ಪವಿತ್ರ ಕುರ್‌ಆನ್ (33:5) ಪ್ರಮಾದವಶಾತ್ ಆದದ್ದನ್ನೂ ಹೃದಯವು ಸಂಕಲ್ಪಿಸಿ ಮಾಡಿದ್ದನ್ನೂ ಬೇರ್ಪಡಿಸುತ್ತದೆ. ದೋಷ ಇರುವುದು ಎರಡನೆಯದರಲ್ಲಿ. ಅಲ್ ಬಕರ ಅಧ್ಯಾಯದ ಕೊನೆಯ ಸೂಕ್ತದಲ್ಲಿ, ಮರೆತದ್ದಕ್ಕೂ ತಪ್ಪಿದ್ದಕ್ಕೂ ಹಿಡಿಯಬೇಡ ಎಂದು ಬೇಡಿಕೊಳ್ಳಲು ಅಲ್ಲಾಹನೇ ಕಲಿಸಿಕೊಟ್ಟಿದ್ದಾನೆ. ಮನುಷ್ಯನು ಮರೆಯುವವನೆಂದು ಅವನನ್ನು ಸೃಷ್ಟಿಸಿದವನಿಗೆ ಗೊತ್ತಿಲ್ಲದಿದ್ದರೆ ಈ ಪ್ರಾರ್ಥನೆಯನ್ನು ಕಲಿಸುವ ಅಗತ್ಯವೇ ಇರಲಿಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಪಾಪವಿಲ್ಲ ಎಂಬುದೂ ಹೊಣೆಯಿಲ್ಲ ಎಂಬುದೂ ಒಂದೇ ಅಲ್ಲ. ಕರ್ಮಶಾಸ್ತ್ರದ ಒಂದು ಸರಳ ಉದಾಹರಣೆಯನ್ನು ನೋಡಿ. ನೀವು ದಾರಿಯಲ್ಲಿ ಹೋಗುವಾಗ ನಿಮ್ಮ ಕೈತಾಗಿ ಒಬ್ಬಾತನ ಮಡಕೆ ಒಡೆಯಿತು. ನೀವು ಪಾಪಿಯಲ್ಲ, ಆದರೆ ಮಡಕೆಯ ಬೆಲೆ ಕೊಡಬೇಕಾದವರು ನೀವೇ. ಉದ್ದೇಶವಿಲ್ಲದ್ದರಿಂದ ಪಾಪ ನಿವಾರಣೆಯಾಗುತ್ತದೆ, ಮಡಕೆ ಕೂಡಿಕೊಳ್ಳುವುದಿಲ್ಲ. ಮಗುವಿನ ವಿಷಯದಲ್ಲಿಯೂ ಹೀಗೆಯೇ. ತಾಯಿಯು ತನ್ನನ್ನು ಪಾಪಿಯೆಂದು ಭಾವಿಸಬೇಕಾಗಿಲ್ಲ. ಆದರೆ ಆ ಮಂಚದ ಬಗ್ಗೆ ಏನಾದರೂ ಮಾಡಬೇಕಾಗಿದೆ. ಇವೆರಡನ್ನೂ ಬೆರೆಸಿಕೊಳ್ಳುವುದರಿಂದಲೇ ಹೆಚ್ಚಿನ ಸಂಕಟ ಹುಟ್ಟುತ್ತದೆ. ಕೆಲವರು ಪಾಪದ ಭಾರವನ್ನು ಹೊತ್ತುಕೊಂಡು ಹೊಣೆಯನ್ನು ಮರೆಯುತ್ತಾರೆ. ದಿನವಿಡೀ ಅಳುತ್ತಾರೆ, ಮಂಚ ಇದ್ದಲ್ಲೇ ಇರುತ್ತದೆ.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಇಬ್ಬರು ತಾಯಂದಿರು ಒಂದೇ ಹೊತ್ತಿಗೆ, ಒಂದೇ ರೀತಿಯಲ್ಲಿ ಮಗುವನ್ನು ಮಂಚದಲ್ಲಿ ಬಿಟ್ಟು ಹೋದರು. ಒಬ್ಬಳ ಮಗು ಬಿತ್ತು, ಇನ್ನೊಬ್ಬಳದು ನಿದ್ದೆ ಹೋಗಿತ್ತು. ಇಬ್ಬರ ತಪ್ಪೂ ಸಮಾನವೇ? ಪಾಶ್ಚಾತ್ಯ ಚಿಂತಕರಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ ಈ ಸಮಸ್ಯೆಯನ್ನೇ ಚರ್ಚೆಗೆ ತಂದರು. ಸ್ನಾನದ ತೊಟ್ಟಿಯಲ್ಲಿ ಮಗುವನ್ನಿಟ್ಟು ನಲ್ಲಿಯನ್ನು ತೆರೆದೇ ಬಿಟ್ಟು ಹೋದವರ ಉದಾಹರಣೆಯನ್ನು ನೇಗೆಲ್ ಕೊಡುತ್ತಾರೆ: ಮಗು ಬದುಕಿದ್ದರೆ ಅದು ಬರೀ ಅಜಾಗರೂಕತೆ, ಸತ್ತಿದ್ದರೆ ಘೋರ ಕೃತ್ಯ. ಮಾಡಿದ್ದು ಒಂದೇ, ತೀರ್ಪು ಬೇರೆ. ಇದು ನ್ಯಾಯವೇ ಎಂದು ಅವರು ಕೇಳುತ್ತಾರೆ, ಒಂದು ನಿರ್ಣಯಕ್ಕೆ ಬರಲು ತಿಣುಕುತ್ತಾರೆ.

ಪರಲೋಕವನ್ನು ಲೆಕ್ಕದಿಂದ ಬಿಟ್ಟರೆ ತಿಣುಕದೆ ಉಪಾಯವಿಲ್ಲವೆಂದು ನನಗನಿಸುತ್ತದೆ. ಜನರು ಫಲಿತಾಂಶವನ್ನು ನೋಡಿ ತೀರ್ಪು ಕೊಡುತ್ತಾರೆ, ಏಕೆಂದರೆ ಅವರಿಗೆ ಕಾಣುವುದು ಅಷ್ಟೇ. ಕರ್ಮಗಳು ಸಂಕಲ್ಪಗಳನ್ನು ಅವಲಂಬಿಸಿವೆ ಎಂದು ಪ್ರವಾದಿವರ್ಯರು(ಸ) ಕಲಿಸಿದ ತತ್ವದ ಪ್ರಕಾರ ಅಲ್ಲಾಹನ ಬಳಿ ಆ ಇಬ್ಬರು ತಾಯಂದಿರ ಲೆಕ್ಕ ಒಂದೇ. ಬಿದ್ದ ಮಗುವಿನ ತಾಯಿ ಹೆಚ್ಚು ಕೆಟ್ಟವಳಲ್ಲ. ಹಾಗೆಯೇ ಬೀಳದ ಮಗುವಿನ ತಾಯಿ ಹೆಚ್ಚು ಒಳ್ಳೆಯವಳೂ ಅಲ್ಲ. ಈ ಎರಡನೆಯ ಮಾತು ನಮಗೆ ಅಷ್ಟು ಇಷ್ಟವಾಗುವುದಿಲ್ಲ. "ನಾನಾದರೆ ಮಗುವನ್ನು ಹಾಗೆ ಬಿಟ್ಟು ಹೋಗುತ್ತಿರಲಿಲ್ಲ" ಎನ್ನುವವರು ತಮ್ಮ ಮಕ್ಕಳನ್ನು ಎಷ್ಟು ಬಾರಿ ಹಾಗೆಯೇ ಬಿಟ್ಟು ಹೋಗಿಲ್ಲ! ಅವರು ಹೇಳಬೇಕಾದದ್ದು ಶುಕ್ರ್ ಮಾತ್ರ.

ಹಾಗಾದರೆ ವಿಧಿ? ಇಮಾಮ್ ಇಬ್ನು ತೈಮಿಯ್ಯರು ಇಲ್ಲಿ ಒಂದು ಉಪಯುಕ್ತ ಗೆರೆಯನ್ನೆಳೆದಿದ್ದಾರೆ. ಆದಮ್(ಅ) ಮತ್ತು ಮೂಸಾ(ಅ)ರ ನಡುವಿನ ವಾಗ್ವಾದದ ಪ್ರಸಿದ್ಧ ಹದೀಸನ್ನು ವಿವರಿಸುತ್ತಾ, ಬಂದೊದಗಿದ ಆಪತ್ತಿನ ವಿಷಯದಲ್ಲಿ ವಿಧಿಯ ಮೊರೆ ಹೋಗಬಹುದು, ಆದರೆ ಮಾಡಿದ ಪಾಪಕ್ಕೆ ಅದನ್ನು ನೆಪವಾಗಿಸಬಾರದು ಎಂದು ಅವರು ತಿಳಿಸುತ್ತಾರೆ. ಅಂದರೆ ಮಗುವಿಗೆ ನೋವಾಯಿತೆಂಬುದು ವಿಧಿ. ಆವರಣಗೋಡೆಯಿಲ್ಲದ ತಾರಸಿಯಲ್ಲಿ ನಾಳೆಯೂ ಮಗುವನ್ನು ಆಡಲು ಬಿಡುವುದಕ್ಕೆ ಮಾತ್ರ ವಿಧಿಯ ಹೆಸರು ಹೇಳುವಂತಿಲ್ಲ. ಸಿರಿಯಾದಲ್ಲಿ ಪ್ಲೇಗ್ ಹರಡಿದ ಸುದ್ದಿ ಕೇಳಿ ಖಲೀಫಾ ಉಮರ್(ರ) ಸರ್ಗ್ ಎಂಬಲ್ಲಿಂದ ಹಿಂದಿರುಗಲು ನಿಶ್ಚಯಿಸಿದಾಗ, ಅಲ್ಲಾಹನ ವಿಧಿಯಿಂದ ಪಲಾಯನವೇ ಎಂದು ಅಬೂ ಉಬೈದಾ(ರ) ಕೇಳಿದರು. ಹೌದು, ಒಂದು ವಿಧಿಯಿಂದ ಅವನ ಇನ್ನೊಂದು ವಿಧಿಯೆಡೆಗೆ ಎಂಬುದು ಉಮರ್‌(ರ)ರ ಉತ್ತರದ ಸಾರಾಂಶ. ಮಂಚದಿಂದ ಮಗುವನ್ನು ತೆಗೆದು ಚಾಪೆಯ ಮೇಲೆ ಮಲಗಿಸುವ ತಾಯಿಯೂ ಅದನ್ನೇ ಮಾಡುತ್ತಾಳೆ.

ಈಗ ಆ "ಹೀಗೆ ಮಾಡಿದ್ದರೆ" ಎಂಬ ಮಾತಿಗೆ ಬರೋಣ. ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಹುರೈರಾ(ರ) ವರದಿ ಮಾಡಿದ ಹದೀಸೊಂದರಲ್ಲಿ, ಈ 'ದ್ದರೆ' ಎಂಬುದು ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆ ಎಂಬ ಎಚ್ಚರಿಕೆಯಿದೆ. ಅನೇಕರು ಹದೀಸಿನ ಈ ಭಾಗವನ್ನಷ್ಟೇ ಹೇಳಿ ಬಿಡುತ್ತಾರೆ. ಅದರ ಮುಂಚಿನ ಭಾಗದಲ್ಲಿ, ನಿನಗೆ ಪ್ರಯೋಜನಕರವಾದುದಕ್ಕಾಗಿ ಶ್ರಮಿಸು, ಅಲ್ಲಾಹನ ನೆರವು ಬೇಡು, ಕೈಲಾಗದವನಾಗಿ ಕೂರಬೇಡ ಎಂಬ ಆದೇಶವಿದೆ. ಎರಡನ್ನೂ ಜೊತೆಗಿಟ್ಟು ಓದಿರಿ. ಹಿಂದಿರುಗಿ ನೋಡುವುದೇ ನಿಷಿದ್ಧವಲ್ಲ. "ದಿಂಬು ಬೇಲಿಯಾಗುವುದಿಲ್ಲ" ಎಂದು ಅರ್ಥ ಮಾಡಿಕೊಳ್ಳಲು ಒಮ್ಮೆ ಹಿಂದಿರುಗಿ ನೋಡಲೇಬೇಕು. ಆ ಪಾಠ ಸಿಕ್ಕಿದ ಬಳಿಕವೂ ನೂರನೆಯ ಬಾರಿ ಅದೇ ದೃಶ್ಯಕ್ಕೆ ಮರಳುವುದರಲ್ಲಿ ಪಾಠವಿಲ್ಲ, ಹಿಂಸೆ ಮಾತ್ರ ಇದೆ. ಬಾಗಿಲು ತೆರೆದುಕೊಳ್ಳುವುದು ಅಲ್ಲಿ.

ಪ್ರವಾದಿವರ್ಯರು(ಸ) ಆಗಾಗ ಅಭಯ ಯಾಚಿಸುತ್ತಿದ್ದ ಸಂಗತಿಗಳಲ್ಲಿ 'ಹಮ್ಮ್' ಮತ್ತು 'ಹಝನ್' ಎಂಬ ಎರಡು ಜೊತೆಯಾಗಿ ಬರುತ್ತವೆಂದು ಅನಸ್(ರ) ತಿಳಿಸಿದ್ದಾರೆ. ಮೊದಲನೆಯದು ಮುಂದಾಗಬಹುದಾದುದರ ಚಿಂತೆ, ಎರಡನೆಯದು ಆಗಿ ಹೋದುದರ ದುಃಖ ಎಂದು ವಿದ್ವಾಂಸರು ವಿವರಿಸುತ್ತಾರೆ. ಬಿದ್ದ ಮಗುವಿನ ತಾಯಿಯನ್ನು ಇವೆರಡೂ ಎರಡು ಕಡೆಯಿಂದ ಹಿಡಿಯುತ್ತವೆ. ಹಗಲು ಹಝನ್, ರಾತ್ರಿ ಹಮ್ಮ್. ಉಸಿರಾಡುತ್ತಿದೆಯೇ ಎಂದು ಗಳಿಗೆಗೊಮ್ಮೆ ಮೂಗಿನ ಬಳಿ ಬೆರಳಿಡುತ್ತಾಳೆ. ಅಂತಹ ತಾಯಿಗೆ ವಿಶ್ವಾಸ ಕಡಿಮೆಯೆಂದು ಯಾರೂ ಹೇಳದಿರಲಿ. ಮಗುವನ್ನು ನದಿಗೆ ಬಿಟ್ಟ ಮೂಸಾ(ಅ)ರ ತಾಯಿಗೆ ಅಲ್ಲಾಹನ ವಾಗ್ದಾನವೇ ಇತ್ತು. ಆದರೂ ಅವರ ಹೃದಯ ಬರಿದಾಯಿತೆಂದು ಕುರ್‌ಆನ್ (28:10) ತಿಳಿಸುತ್ತದೆ. ಅಲ್ಲಾಹನು ಅದನ್ನು ಆಕ್ಷೇಪಿಸಲಿಲ್ಲ, ಆ ಹೃದಯವನ್ನು ಗಟ್ಟಿಗೊಳಿಸಿದನು. ಮತ್ತೆ ಅವರು ಮಾಡಿದ್ದೇನು? ಮಗಳನ್ನು ಕರೆದು ಹಿಂಬಾಲಿಸಿ ನೋಡಲು ಕಳುಹಿಸಿದರು. ಭಯಕ್ಕೆ ಒಂದು ಕೆಲಸ ಸಿಕ್ಕಿತು. ಹೆರಿಗೆಯ ನಂತರದ ತಿಂಗಳುಗಳಲ್ಲಿ ಈ ಭಯವು ನಿದ್ದೆಯನ್ನೂ ಊಟವನ್ನೂ ಕಸಿಯುವಂತಾದರೆ, ತನಗೋ ಮಗುವಿಗೋ ಏನಾದರೂ ಮಾಡಿಬಿಡಬೇಕೆಂಬ ಯೋಚನೆ ಬರುವಂತಾದರೆ, ಅದು ಕಾಯಿಲೆ. ಅದಕ್ಕೂ ವೈದ್ಯರಿದ್ದಾರೆ, ಚಿಕಿತ್ಸೆಯಿದೆ.

ಭಯಕ್ಕೆ ಕೊಡಬಹುದಾದ ಕೆಲಸಗಳು ಪ್ರವಾದಿಚರ್ಯೆಯಲ್ಲಿ ಬೇಕಾದಷ್ಟಿವೆ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಉರಿದಾಗ, ಮಲಗುವ ಮುನ್ನ ಬೆಂಕಿಯನ್ನು ನಂದಿಸಲು ಪ್ರವಾದಿವರ್ಯರು(ಸ) ಆಜ್ಞಾಪಿಸಿದರು. ತಡೆಗೋಡೆಯಿಲ್ಲದ ಮಾಳಿಗೆಯ ಮೇಲೆ ಮಲಗುವವನ ಬಗ್ಗೆ ಅಬೂ ದಾವೂದ್‌ನಲ್ಲಿ ಕಠಿಣವಾದ ಹದೀಸೊಂದಿದೆ. ಧರ್ಮವು ಗೋಡೆಯ ಎತ್ತರದ ಬಗ್ಗೆಯೂ ಮಾತಾಡುತ್ತದೆಯೇ ಎಂದು ಕೇಳುವವರು ಅದನ್ನು ಗಮನಿಸಬೇಕು. ನಮ್ಮ ಅಜ್ಜಿಯಂದಿರು ಮಗುವನ್ನು ನೆಲದ ಮೇಲಿನ ಚಾಪೆಯಲ್ಲಿ ಮಲಗಿಸುತ್ತಿದ್ದರು. ಅಲ್ಲಿಂದ ಬೀಳಲು ಜಾಗವೇ ಇರಲಿಲ್ಲ. ಸಾಮಾನ್ಯವಾಗಿ 4ರಿಂದ 6 ತಿಂಗಳೊಳಗೆ ಮಕ್ಕಳು ಮಗುಚಲು ಕಲಿಯುತ್ತವೆ, ಮೊದಲೇ ಸೂಚನೆ ಕೊಟ್ಟು ಕಲಿಯುವುದಿಲ್ಲ. ದಿಂಬು ಬೀಳುವುದನ್ನು ತಡೆಯುವುದಿಲ್ಲ, ಮುಖವನ್ನು ಮುಚ್ಚಿ ಉಸಿರು ಕಟ್ಟಿಸಲೂಬಹುದು. ಮಗು ಬೇಗ ನಡೆಯಲೆಂದು ಕೊಡಿಸುವ ಚಕ್ರದ ವಾಕರ್‌ಗಳ ಮಾರಾಟವನ್ನು ಕೆನಡಾ ದೇಶವು 2004ರಲ್ಲಿ ನಿಷೇಧಿಸಿತು. ಅದರಲ್ಲಿ ಕುಳಿತ ಮಕ್ಕಳು ಮೆಟ್ಟಿಲುಗಳಿಂದ ಉರುಳುತ್ತಿದ್ದವು. ನಮ್ಮಲ್ಲಿ ಅದನ್ನು ಇಂದಿಗೂ ಉಡುಗೊರೆಯಾಗಿ ಕೊಡುವವರಿದ್ದಾರೆ.

ಬಿದ್ದ ಮಗು ಚೇತರಿಸಿಕೊಳ್ಳದಿದ್ದರೆ? ಈ ಪ್ರಶ್ನೆಯಿಂದ ಮುಖ ತಿರುಗಿಸಿಕೊಂಡು ಮುಂದೆ ಹೋಗುವಂತಿಲ್ಲ. ಪ್ರಮಾದದಿಂದ ಒಂದು ಜೀವ ಹೋದರೆ ಏನೆಂಬುದನ್ನು ಅನ್ನಿಸಾ ಅಧ್ಯಾಯದ 92ನೆಯ ಸೂಕ್ತ ಹೇಳುತ್ತದೆ. ಪಾಲಕರ ನಿರ್ಲಕ್ಷ್ಯವು ಅದಕ್ಕೆ ಕಾರಣವೇ, ಆ ವಿಧಿ ಅವರಿಗೆ ಅನ್ವಯಿಸುತ್ತದೆಯೇ ಎಂಬುದು ಪ್ರತಿಯೊಂದು ಘಟನೆಯ ವಿವರವನ್ನು ಅವಲಂಬಿಸಿದೆ. ಆದ್ದರಿಂದ ಅಂತಹವರು ನಂಬಿಕಸ್ಥ ವಿದ್ವಾಂಸರನ್ನು ಖುದ್ದಾಗಿ ಕಂಡು ಎಲ್ಲವನ್ನೂ ಹೇಳಬೇಕು. ನಾನು ಗಮನ ಸೆಳೆಯಬಯಸುವುದು ಆ ಸೂಕ್ತದ ಒಂದು ಅಂಶಕ್ಕೆ ಮಾತ್ರ. ಗುಲಾಮ ವಿಮೋಚನೆ ಸಾಧ್ಯವಿಲ್ಲದವರಿಗೆ ಅಲ್ಲಿ ಹೇಳಲಾದ ಪರಿಹಾರ ಎರಡು ತಿಂಗಳ ನಿರಂತರ ಉಪವಾಸ. ಎರಡು ತಿಂಗಳು, ಅಷ್ಟೇ. ಒಂದು ಜೀವವೇ ಹೋದ ಸಂದರ್ಭದಲ್ಲೂ ಅಲ್ಲಾಹನು ಪ್ರಾಯಶ್ಚಿತ್ತಕ್ಕೆ ಕೊನೆಯ ದಿನವೊಂದನ್ನು ಗೊತ್ತುಪಡಿಸಿದ್ದಾನೆ. ಮನುಷ್ಯನು ತನಗೆ ತಾನೇ ವಿಧಿಸಿಕೊಳ್ಳುವ ಶಿಕ್ಷೆಗೆ ಅಂತಹ ದಿನ ಇರುವುದಿಲ್ಲ. ತನ್ನನ್ನು ಜೀವನವಿಡೀ ಕ್ಷಮಿಸಲಾರೆ ಎನ್ನುವವರು ವಸ್ತುತಃ ಅಲ್ಲಾಹನಿಗಿಂತ ಕಠಿಣ ನ್ಯಾಯಾಧೀಶರಾಗಲು ಹೊರಟಿದ್ದಾರೆ. ದುಃಖದ ಮಾತು ಬೇರೆ. ಅದಕ್ಕೆ ಗಡುವಿಲ್ಲ. ಮಗನಿಗಾಗಿ ಅತ್ತು ಯಾಕೂಬ್‌(ಅ)ರ ಕಣ್ಣುಗಳು ಬೆಳ್ಳಗಾದುವು, ತಮ್ಮ ಅಳಲನ್ನು ಅವರು ಅಲ್ಲಾಹನಲ್ಲೇ ತೋಡಿಕೊಂಡರು. ಆದರೆ ಯೂಸುಫ್‌(ಅ)ರನ್ನು ಅಣ್ಣಂದಿರ ಜೊತೆ ಕಳುಹಿಸಿದ್ದಕ್ಕಾಗಿ ಅವರು ತಮ್ಮನ್ನೇ ಶಪಿಸಿಕೊಂಡ ಮಾತು ಕುರ್‌ಆನ್‌ನಲ್ಲಿಲ್ಲ.

ಇನ್ನು ಸುತ್ತಲಿನವರ ವಿಷಯ. ಇಷ್ಟು ಹೊತ್ತು ತಾಯಿಯ ಬಗ್ಗೆಯೇ ಬರೆದೆ, ಏಕೆಂದರೆ ನಮ್ಮ ಮನೆಗಳಲ್ಲಿ ವಿಚಾರಣೆ ನಡೆಯುವುದು ಅವಳದ್ದೇ. ತಂದೆಯ ಕೈಯಿಂದ ಮಗು ಬಿದ್ದರೆ ಅದು ಆಕಸ್ಮಿಕ, ತಾಯಿಯ ಕೈಯಿಂದ ಬಿದ್ದರೆ ಅದು ಅವಳ ಗುಣ! ಅತ್ತೆ ಒಂದು ಮಾತು, ನಾದಿನಿ ಇನ್ನೊಂದು. ಮಗುವಿನ ಕಾರಣದಿಂದ ತಾಯಿಗಾಗಲಿ ತಂದೆಗಾಗಲಿ ತೊಂದರೆ ಕೊಡಬಾರದೆಂದು ಅಲ್ ಬಕರದ 233ನೆಯ ಸೂಕ್ತದಲ್ಲಿದೆ. ಅದು ಮೊಲೆಯೂಡಿಸುವುದರ ಕುರಿತ ಸಂದರ್ಭದಲ್ಲಿ ಬಂದಿದ್ದರೂ ಅದರ ಆಶಯ ಈ ಮನೆಗಳಿಗೂ ಸಲ್ಲುತ್ತದೆ. ಇನ್ನು ಕೆಲವರು ದೃಷ್ಟಿ ತಾಗಿತೆಂದು ಹೇಳಿ ಮಂತ್ರಿಸಿದ ದಾರವನ್ನು ಹುಡುಕಿಕೊಂಡು ಹೋಗುತ್ತಾರೆ. ದೃಷ್ಟಿ ತಾಗುವುದನ್ನು ಹದೀಸ್ ನಿರಾಕರಿಸುವುದಿಲ್ಲ, ಅದಕ್ಕೆ ಪ್ರಾರ್ಥನೆಗಳನ್ನೂ ಕಲಿಸಿದೆ. ಆದರೆ ಬಾಗಿಲಿಲ್ಲದ ಮೆಟ್ಟಿಲನ್ನು ಹಾಗೆಯೇ ಬಿಟ್ಟು ನೆರೆಯವಳ ಕಣ್ಣನ್ನು ದೂರುವುದು ನಿರಪರಾಧಿಯೊಬ್ಬಳ ಮೇಲೆ ಹೊರಿಸುವ ಆರೋಪವೇ ಸರಿ.

ಪ್ರವಾದಿವರ್ಯರ(ಸ) ಮುಂದೆಯೂ ಮಕ್ಕಳು ಎಡವಿದ್ದುಂಟು. ಅವರು ಖುತ್ಬಾ ನೀಡುತ್ತಿದ್ದಾಗ ಪುಟ್ಟ ಹಸನ್ ಮತ್ತು ಹುಸೈನ್(ರ) ಕೆಂಪು ಅಂಗಿ ತೊಟ್ಟು, ಎಡವುತ್ತಾ ಏಳುತ್ತಾ ಬಂದರು. ಅವರು ಮಾತು ನಿಲ್ಲಿಸಿ, ಮಿಂಬರಿನಿಂದಿಳಿದು ಮಕ್ಕಳನ್ನೆತ್ತಿ ತಂದು ಮುಂದೆ ಕುಳ್ಳಿರಿಸಿಕೊಂಡ ಬಳಿಕವೇ ಖುತ್ಬಾ ಮುಂದುವರಿಯಿತು. ಇನ್ನೊಮ್ಮೆ ಬಾಲಕ ಉಸಾಮಾ(ರ) ಮನೆಯ ಹೊಸ್ತಿಲಿಗೆ ಎಡವಿ ಮುಖಕ್ಕೆ ಗಾಯ ಮಾಡಿಕೊಂಡರು. ರಕ್ತವನ್ನು ಒರೆಸಲು ಆಯಿಶಾ(ರ)ರಿಗೆ ಹೇಳಿದರು. ಅವರು ಹೇಸಿಕೊಂಡಾಗ ಪ್ರವಾದಿವರ್ಯರೇ(ಸ) ಬಾಯಿಯಿಂದ ರಕ್ತವನ್ನು ಹೀರಿ ಉಗುಳಿದರು, ಉಸಾಮಾ ಹುಡುಗಿಯಾಗಿದ್ದರೆ ತಾನು ಒಡವೆ ತೊಡಿಸಿ ಸಿಂಗರಿಸುತ್ತಿದ್ದೆನೆಂದು ನಗೆಯ ಮಾತನ್ನೂ ಆಡಿದರು. ಈ ಘಟನೆಯನ್ನು ಆಯಿಶಾ(ರ)ರೇ ವರದಿ ಮಾಡಿದ್ದಾರೆ. ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂಬ ವಿಚಾರಣೆ ಅದರಲ್ಲೆಲ್ಲೂ ಇಲ್ಲ.

ಕರಾವಳಿಯ ಅನೇಕ ಮನೆಗಳಲ್ಲಿ ತಂದೆ ದೂರದ ಗಲ್ಫ್‌ನಲ್ಲಿರುತ್ತಾನೆ. ಸುದ್ದಿ ಅವನಿಗೆ ಫೋನಿನಲ್ಲಿ ತಲುಪುತ್ತದೆ. ಏನನ್ನೂ ಮಾಡಲಾಗದ ಅಸಹಾಯಕತೆ ಸಿಟ್ಟಾಗಿ ಬಾಯಿಗೆ ಬರುತ್ತದೆ: "ನೀನೇನು ಮಾಡುತ್ತಿದ್ದೆ?" ಅವನಿಗೂ ಸಂಕಟವಿದೆಯೆಂಬುದು ನಿಜ. ಆದರೆ ಆ ಕ್ಷಣದಲ್ಲಿ ಆಸ್ಪತ್ರೆಗೆ ಯಾರ ಗಾಡಿಯಲ್ಲಿ ಹೋಗುವುದು, ಜೊತೆಗೆ ಯಾರು ಬರುತ್ತಾರೆ, ಕೈಯಲ್ಲಿ ಹಣವಿದೆಯೇ ಎಂದು ಕೇಳಿ, ಊರಿನಲ್ಲಿರುವ ತಮ್ಮನಿಗೋ ಗೆಳೆಯನಿಗೋ ಒಂದು ಕರೆ ಮಾಡಲು ಅಲ್ಲಿಂದಲೂ ಅವನಿಗೆ ಸಾಧ್ಯವಿದೆ.