ಒಳಗಿನ ಕೆಲಸ, ಹೊರಗಿನ ಮನುಷ್ಯ

‘ಹೊರಗುತ್ತಿಗೆ’ ಅನ್ನೋ ಮಾತಿನಲ್ಲಿ ನಮ್ಮ ಕಿವಿಗೆ ಮೊದಲು ಬೀಳೋದು ‘ಹೊರಗೆ’ ಅನ್ನೋದು. ಸತ್ತ ದನ ಎಳೆಯೋಕೆ, ತಮಟೆ ಬಡಿಯೋಕೆ ಊರಿಗೆ ನಮ್ಮ ಹಿರಿಯರು ಬೇಕಿತ್ತು. ಜಗಲಿ ಹತ್ತೋಕೆ ಬೇಡವಾಗಿದ್ದರು. ಈಗ ಸರ್ಕಾರಿ ಕಚೇರಿಯೂ ಅದೇ ಲೆಕ್ಕ ಹಿಡಿದಿದೆ. ಕೆಲಸ ಒಳಗಿನದು, ಕೆಲಸದವರು ಹೊರಗಿನವರು.

ಕಾಟನ್‌ಪೇಟೆಯನ್ನೇ ನೋಡಿ. ಮೂಟೆ ಹೊರುವ ಹಮಾಲಿಗಳು, ಲಾಡ್ಜುಗಳ ನೆಲ ಒರೆಸುವ ಹೆಂಗಸರು, ತಳ್ಳುಗಾಡಿಯವರು. ಇವರಿಗೆ ಸರ್ಕಾರ ಅಂದರೆ ವಿಧಾನಸೌಧ ಅಲ್ಲ. ರೇಷನ್ ಕಾರ್ಡು, ವಿಧವಾ ವೇತನ, ಸಂಧ್ಯಾ ಸುರಕ್ಷಾ, ಗೃಹಲಕ್ಷ್ಮಿಯ ಎರಡು ಸಾವಿರ. ಆ ಸರ್ಕಾರಕ್ಕೆ ಮುಖ ಅಂತ ಇದ್ದರೆ, ಕೌಂಟರಿನ ಆಚೆ ಕಂಪ್ಯೂಟರ್ ಮುಂದೆ ಕೂತ ಹುಡುಗಿಯ ಮುಖ.

ಆ ಹುಡುಗಿ ಯಾರು? ಬಹಳ ಸಲ ನಮ್ಮದೇ ಕೇರಿಯವಳು. ಹಾಸ್ಟೆಲಿನಲ್ಲಿ ಓದಿ, ನಮ್ಮ ಹಾಗೆಯೇ ಮನೆಗೆ ಮೊದಲನೇ ಡಿಗ್ರಿ ತಂದವಳು. ಕೆಲಸಕ್ಕೆ ಇಟ್ಟದ್ದು ಏಜೆನ್ಸಿ, ಬೈಯೋದು ಸಾಹೇಬರು. ಸಂಬಳ ನಿಂತರೆ ಇಬ್ಬರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸ್ತಾರೆ. 2023ರ ಜುಲೈ 19ರಿಂದ ಗೃಹಲಕ್ಷ್ಮಿ ನೋಂದಣಿ ಶುರುವಾಯಿತು. ಒಂದು ಕೋಟಿಗೂ ಮಿಕ್ಕಿ ಹೆಂಗಸರು ಹೆಸರು ಬರೆಸಿದರು. ಬೆಂಗಳೂರು ಒನ್, ಗ್ರಾಮ ಒನ್ ಕೇಂದ್ರಗಳಲ್ಲಿ ಆ ಹೆಸರುಗಳನ್ನ ಕೂಡಿಸಿದವರು ಸರ್ಕಾರಿ ನೌಕರರಲ್ಲ. ಯೋಜನೆಗೆ ಜಾಹೀರಾತಿತ್ತು, ಕೀಲಿ ಒತ್ತಿದ ಬೆರಳಿಗೆ ಹೆಸರಿರಲಿಲ್ಲ.

ಸರತಿಯಲ್ಲಿ ಹೊತ್ತು ಕಳೆದ ಮುದುಕಿಗೆ ಆ ಹುಡುಗಿ ಅಂತಾಳೆ: ‘ಸರ್ವರ್ ಇಲ್ಲ ಅಜ್ಜಿ, ನಾಳೆ ಬಾ.’ ಒಂದು ಕಾಲಕ್ಕೆ ದೆವ್ವ ಬರಬಾರದು ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ದರಂತೆ. ಈಗ ಹಸಿದವರೇ ದೆವ್ವ. ಮುದುಕಿ ಶಾಪ ಹಾಕ್ತಾಳೆ, ಹುಡುಗಿ ಸಿಡುಕ್ತಾಳೆ. ತಪ್ಪು ಯಾರದು?

ಹುಡುಗಿಯ ಒರಟು ಮಾತನ್ನ ನಾವು ಸರಿ ಅನ್ನೋದಿಲ್ಲ. ಮುದುಕಿ ಒಂದು ದಿನದ ಕೂಲಿ ಕಳಕೊಂಡು ಬಂದವಳು. ದಣಿವು ಸಿಡುಕಿಗೆ ಕಾರಣ ಆಗಬಹುದು, ಪರವಾನಗಿ ಅಲ್ಲ. ಆದರೆ ನಾಲ್ಕು ಜನ ಮಾಡೋ ಕೆಲಸಕ್ಕೆ ಒಬ್ಬಳನ್ನ ಕೂರಿಸಿದವನು ಆ ಜಗಳದ ಜಾಗದಲ್ಲೇ ಇಲ್ಲ. ಗುತ್ತಿಗೆಯ ಮರ್ಮ ಇದೇ. ಅದು ಕೆಲಸವನ್ನ ದಾಟಿಸುತ್ತೆ, ಜೊತೆಗೆ ಬೈಗುಳವನ್ನೂ ದಾಟಿಸುತ್ತೆ. ಕೆಲಸವನ್ನ ಯಾರಿಗಾದರೂ ವಹಿಸಬಹುದು. ಹೊಣೆಯನ್ನ ವಹಿಸಿ ಕೈ ತೊಳಕೊಳ್ಳೋಕೆ ಆಗೋದಿಲ್ಲ.

‘ಖಾಯಂ ಮಾಡಿ’ ಅಂದರೆ ಕಾನೂನು ತೋರಿಸ್ತಾರೆ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟು, ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ, ನಿಯಮದಂತೆ ನೇಮಕವಾಗದವರಿಗೆ ಖಾಯಂ ಆಗುವ ಹಕ್ಕಿಲ್ಲ ಅಂದಿತು. ಹಿಂಬಾಗಿಲು ತೆರೆದರೆ ಮುಂಬಾಗಿಲಲ್ಲಿ ಕಾದವರಿಗೆ ಅನ್ಯಾಯ ಅನ್ನೋದು ಅದರ ತರ್ಕ. ನಾವು ಇದನ್ನ ಹಗುರ ಮಾಡೋ ಹಾಗಿಲ್ಲ. ನಮ್ಮ ಮೀಸಲಾತಿ ಇರೋದು ಮುಂಬಾಗಿಲಲ್ಲೇ. ಆದರೆ ಮುಂಬಾಗಿಲಿಗೆ ಬೀಗ ಜಡಿದು, ಹಿಂಬಾಗಿಲಲ್ಲಿ ಕೂಲಿಗೆ ಕರೆದವರು ಯಾರು? 2024ರ ಡಿಸೆಂಬರಿನ ಜಗ್ಗೋ ಪ್ರಕರಣದಲ್ಲಿ ಅದೇ ಕೋರ್ಟು, ಕೇಂದ್ರ ಜಲ ಆಯೋಗದಲ್ಲಿ ವರ್ಷಾನುಗಟ್ಟಲೆ ಗುಡಿಸಿ ಒರೆಸಿದವರನ್ನ ಖಾಯಂ ಮಾಡಿ ಅಂದಿತು. ಉಮಾದೇವಿ ತೀರ್ಪನ್ನ ದುಡಿದವರ ಮೇಲೆ ಆಯುಧ ಮಾಡಬೇಡಿ ಅಂತಲೂ ಎಚ್ಚರಿಸಿತು.

2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಅಂತ ಆದೇಶ ಮಾಡಿತು. ಒಳ್ಳೇದು. ಆದರೆ ನಾಳೆ ಇರುತ್ತೋ ಇಲ್ಲವೋ ಅನ್ನೋ ಕೆಲಸದಲ್ಲಿ ಪಾಲು ಅಂದರೆ ಬಾಡಿಗೆ ಮನೆಯ ಜಗಲಿಯಲ್ಲಿ ಪಾಲು.

ಇದು ಆಗದ ಮಾತು ಅನ್ನೋರು ಈ ಊರಿನ ಬೀದಿ ಗುಡಿಸೋರನ್ನ ನೋಡಲಿ. ಪೌರಕಾರ್ಮಿಕರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. 2025ರ ಮೇ ದಿನದಂದು ಬೆಂಗಳೂರಿನ 12,692 ಪೌರಕಾರ್ಮಿಕರಿಗೆ ಖಾಯಂ ನೇಮಕಾತಿ ಪತ್ರ ಸಿಕ್ಕಿತು. ಯಾರೂ ಕರುಣೆಯಿಂದ ಕೊಟ್ಟದ್ದಲ್ಲ.

ಗೆಳೆಯರೇ, ಮುಂದಿನ ಸಲ ಕೇರಿಯವರ ಪಿಂಚಣಿಗಾಗಿ ಅರ್ಜಿ ಬರೆಯುವಾಗ ಅದೇ ಹಾಳೆಯಲ್ಲಿ ಇನ್ನೊಂದು ಸಾಲನ್ನೂ ಬರೆಯೋಣ: ಈ ಕೌಂಟರಿನಲ್ಲಿ ಕೂತವರಿಗೆ ಸಂಬಳ ಯಾವಾಗ ಕೊಡ್ತೀರಿ, ಖಾಯಂ ಯಾವಾಗ ಮಾಡ್ತೀರಿ? ಕೆಳಗೆ ಮುದುಕಿಯ ಹೆಬ್ಬೆಟ್ಟೂ ಇರಲಿ, ಆ ಹುಡುಗಿಯ ಸಹಿಯೂ ಇರಲಿ.