ಜೀವಂತ ಅದೀನ್ರಿ ಸಾಹೇಬ್ರ

ನಾನು ಧಾರವಾಡದವನು. ಬ್ಯಾಂಕಿನ ವರ್ಗಾವಣೆ 1994ರಲ್ಲಿ ಪುಣೆಗೆ ತಂದು ಹಾಕಿತು; ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಪೇಶ್ವೆಯರ ಊರು, ವಿದ್ಯಾರ್ಥಿಗಳ ಊರು ಎಂದು ಇದನ್ನು ಹೊಗಳುತ್ತಾರೆ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಸೈನಿಕರ ಊರು. ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ, 1944ರಲ್ಲಿ ಶುರುವಾದ ಕೃತಕ ಅಂಗ ಕೇಂದ್ರ, ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದ ಯೋಧರಿಗಾಗಿ ಖಡಕಿಯಲ್ಲಿರುವ ಪುನರ್ವಸತಿ ಕೇಂದ್ರ, ಎಲ್ಲವೂ ಇಲ್ಲೇ ಇವೆ.

ನವೆಂಬರ್ ಬಂತೆಂದರೆ ನಮ್ಮ ಶಾಖೆಯಲ್ಲಿ ಮಾಜಿ ಸೈನಿಕರ ಸಾಲು. ಪಿಂಚಣಿ ನಿಲ್ಲಬಾರದೆಂದರೆ ತಾವು ಬದುಕಿದ್ದೇವೆಂದು ಸಹಿ ಹಾಕಿ ಕೊಡಬೇಕಲ್ಲ! 1996ರಲ್ಲಿ ಒಬ್ಬ ಹವಾಲ್ದಾರರು ಬಂದರು. 1971ರ ಯುದ್ಧದಲ್ಲಿ ಎಡಗಾಲು ಕಳೆದುಕೊಂಡವರು. ಸಹಿ ನಮ್ಮಲ್ಲಿದ್ದ ಮಾದರಿಗೆ ಹೊಂದಲಿಲ್ಲ. "ಕಾಗದಪತ್ರ ತಗೊಂಡು ನಾಳೆ ಬನ್ನಿ" ಎಂದು ಮರಾಠಿಯಲ್ಲಿ ಹೇಳಿ ತಲೆ ತಗ್ಗಿಸಿಬಿಟ್ಟೆ. ಮರುದಿನ ಮತ್ತೆ ಬಂದರು. ನನ್ನ ಹೆಸರಿನ ಫಲಕ ಓದಿ, ನಗುತ್ತ ಕನ್ನಡದಲ್ಲಿ ಅಂದರು: "ಎರಡ ದಿನಾ ಜೀವಂತ ಅದೀನಿ ಅಂತ ತೋರಿಸಿದಂಗಾತು ಬಿಡ್ರಿ ಸಾಹೇಬ್ರ."

ಅವರು ಮರಾಠಾ ಲೈಟ್ ಇನ್‌ಫಂಟ್ರಿಯವರು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಅಲ್ಲಿಯ ಪೇಟೆಯಲ್ಲಿ ಕಲಿತ ಕನ್ನಡ. ಪರಊರಿನಲ್ಲಿ ನಮ್ಮ ಕಡೆಯ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಕೂಡಿಸಿ ಚಹಾ ತರಿಸಿದೆ. ಅದು ಅವರ ಕನ್ನಡಕ್ಕೆ ಕೊಟ್ಟ ಚಹಾ. ಕಾಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಈ ಕಥೆಯನ್ನು ಮೊನ್ನೆ ಹದಿನಾರರ ಮೊಮ್ಮಗಳಿಗೆ ತಮಾಷೆಯಾಗಿ ಹೇಳಿದೆ. ಅವಳು ನಗಲಿಲ್ಲ. "ಅಜ್ಜಾ, ನೀ ಅವರಿಗೆ ಥ್ಯಾಂಕ್ಸ್ ಹೇಳಲೇ ಇಲ್ಲೇನು?"

ನನ್ನ ಎಂಕಾಂ ಬುದ್ಧಿ ಮೊದಲು ಮುಂದೆ ಬಂತು. ಅವರು ಸಂಬಳಕ್ಕೆ ಸೇರಿದವರು, ಸರಕಾರ ಪಿಂಚಣಿ ಕೊಡುತ್ತಿದೆ, ಲೆಕ್ಕ ಚುಕ್ತಾ ಅಲ್ಲವೆ? "ನಿನಗೂ ಸಂಬಳ ಇತ್ತು. ಕಾಲು ಕೇಳಿದ್ದರೆ ಕೊಡತಿದ್ದೇನು?" ಎಂದಳು. ಉತ್ತರ ಹೊಳೆಯಲಿಲ್ಲ.

ನಮ್ಮ ಭಾಷೆಯಲ್ಲಿ ಬ್ಯಾಂಕಿನ ಸಾಲಕ್ಕೂ ಋಣ, ಬಾಳಿನ ಹಂಗಿಗೂ ಋಣ. ಮೊದಲನೆಯದು ಕಟ್ಟಿದರೆ ತೀರುತ್ತದೆ. ಎರಡನೆಯದಕ್ಕೆ ಕಂತಿಲ್ಲ, ಅದನ್ನು ನೆನಪಿನಲ್ಲಿಟ್ಟು ನಡೆದುಕೊಳ್ಳಬೇಕು, ಅಷ್ಟೆ. ಸಂಬಳ ಕೊಟ್ಟದ್ದು ಸರಕಾರ. ಹಂಗು ಮಾತ್ರ ನನ್ನದು.

ಹಾಗಂತ ಸನ್ಮಾನ ಮಾಡಿದರೆ ಮುಗಿಯಿತೆ? ಮುರಳಿಕಾಂತ ಪೇಟಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದವರು. 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸಿನಲ್ಲಿ ಈಜಿ ಭಾರತಕ್ಕೆ ಮೊದಲ ಚಿನ್ನ ತಂದರು. ಪದ್ಮಶ್ರೀ ಬಂದದ್ದು 2018ರಲ್ಲಿ, ನಲವತ್ತಾರು ವರ್ಷದ ಮೇಲೆ! 2024ರಲ್ಲಿ ಅವರ ಬಗ್ಗೆ ಸಿನಿಮಾ ಬಂದಾಗ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಚಪ್ಪಾಳೆ ಸುಲಭ. ಅದು ಮನುಷ್ಯನನ್ನು ಮೂರ್ತಿ ಮಾಡಿ ನಿಲ್ಲಿಸಿಬಿಡುತ್ತದೆ, ಮೂರ್ತಿಗೆ ಹಸಿವೂ ಇಲ್ಲ, ಮಾತೂ ಬೇಡ.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಎಂಬತ್ತು ದಾಟಿದ ಸುಭೇದಾರರೊಬ್ಬರಿದ್ದಾರೆ. ಕಳೆದ ನವೆಂಬರಿನಲ್ಲಿ ಮೊಮ್ಮಗಳು ತಾನಾಗಿಯೇ ಅವರ ಮನೆಗೆ ಹೋದಳು. ಈಗ ಮೊಬೈಲಿನಲ್ಲೇ ಮುಖ ತೋರಿಸಿ ಜೀವನ ಪ್ರಮಾಣಪತ್ರ ಕೊಡಬಹುದು. 2021ರಲ್ಲಿ ಬಂದ ಸೌಲಭ್ಯ. "ಆಜೋಬಾ, ಕಣ್ಣು ಮಿಟುಕಿಸಿ" ಎಂದಳು. ಅವರು ಮಿಟುಕಿಸಿದರು. ಐದು ನಿಮಿಷದ ಕೆಲಸ.

ಅವಳು ಮನೆಗೆ ಬಂದದ್ದು ಎರಡು ತಾಸಿನ ಮೇಲೆ. ಥ್ಯಾಂಕ್ಸ್ ಹೇಳಿದೆಯಾ ಎಂದು ಕೇಳಿದೆ. "ಇಲ್ಲಜ್ಜಾ, ಮರೆತೆ. ಅವರು ಮೊದಲ ಸಲ ಮನೆ ಬಿಟ್ಟು ರೈಲು ಹತ್ತಿದ ಕಥೆ ಹೇಳಾಕತ್ತಿದ್ರು. ನಾ 'ಆಮೇಲೆ ಏನಾತು, ಆಮೇಲೆ ಏನಾತು' ಅಂತ ಕೇಳಕೋತ ಕೂತೆ."

1996ರಲ್ಲಿ, ಚಹಾ ಆರುವ ಮುಂಚೆ, ನಾನು ಕೇಳಬೇಕಾಗಿದ್ದುದೂ ಅದನ್ನೇ.